ಖೋಲಿ, ಕಾಗದ ಮತ್ತು ಅಡ್ಡಹೆಸರು

ವಾಡಿ, ಶಹಾಬಾದ ಕಡೆ ಖೋಲಿ ಕೇಳಿಕೊಂಡು ಹೋದವನಿಗೆ ಮೊದಲ ಪ್ರಶ್ನೆ ಬಾಡಿಗೆಯದಲ್ಲ. ‘ನಿಮ್ಮ ಅಡ್ಡಹೆಸರೇನ್ರೀ?’ ಹೇಳಿದ ಮೇಲೆ ಉತ್ತರವೂ ತಯಾರು: ‘ನಮ್ಮಲ್ಲಿ ನೀರಿನ ತ್ರಾಸ ಅದರಿ, ಖೋಲಿ ಮೊನ್ನೇನೇ ಕೊಟ್ಟೀವಿ.’ ನಾನೂ ಇದನ್ನು ಕೇಳಿಸಿಕೊಂಡು ಬಂದವನೇ. ಬಾಗಿಲಿಗೆ ಅಂಟಿಸಿದ್ದ ಬಾಡಿಗೆ ಚೀಟಿ ಮರುದಿನವೂ ಅಲ್ಲೇ ಇತ್ತು.

ನಮ್ಮ ಹಿರಿಯರಿಗೆ ಬಾಡಿಗೆ ಮನೆ ಎಂಬುದೇ ಗೊತ್ತಿರಲಿಲ್ಲ. ಹಳ್ಳಿಯಲ್ಲಿ ಯಾರು ಎಲ್ಲಿರಬೇಕೆಂದು ಜಾತಿ ಮೊದಲೇ ಗೆರೆ ಎಳೆದಿತ್ತು. 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮನ ರೈಲು ಬಂದು ವಾಡಿಯಲ್ಲಿ ಮುಂಬಯಿ ಹಾದಿಯನ್ನು ಕೂಡಿತು. ಮುಂದೆ ಫರಸಿ ಕಲ್ಲಿನ ಖಣಿ, ಸಿಮೆಂಟ್ ಕಾರಖಾನೆ. ಚಿತ್ತಾಪುರ, ಸೇಡಂ, ಚಿಂಚೋಳಿಯ ಹಳ್ಳಿಗಳಿಂದ ಕೂಲಿಗೆ ಬಂದವರಿಗೆ ತಲೆ ಮೇಲೊಂದು ಸೂರು ಬೇಕಾಯಿತು. ಪಟ್ಟಣದಲ್ಲಿ ರೊಕ್ಕ ಕೊಟ್ಟರಾಯಿತು, ಜಾತಿ ಯಾರು ಕೇಳುತ್ತಾರೆ ಅಂದುಕೊಂಡರು. ಕೇಳಿದರು.

ನಿಜಾಮನ ಕಾಲದಲ್ಲಿ ಕಚೇರಿ, ಕೋರ್ಟಿನ ಭಾಷೆ ಉರ್ದು. ಬರೆದದ್ದು ಏನೆಂದು ಹೆಬ್ಬೆಟ್ಟು ಒತ್ತಿದವನಿಗೆ ತಿಳಿಯುತ್ತಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಮುಗಿಯಿತು. 1954ರಲ್ಲಿ ಹೈದರಾಬಾದ್ ರಾಜ್ಯ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಕಾಯ್ದೆ ಅದರ ಜಾಗಕ್ಕೆ ಬಂತು. ಬಾಡಿಗೆ ಎಷ್ಟಿರಬೇಕು, ಬಾಡಿಗೆದಾರನನ್ನು ಯಾವ ಕಾರಣಕ್ಕೆ ಬಿಡಿಸಬಹುದು, ಇದೇ ಅವುಗಳ ಮುಖ್ಯ ಚಿಂತೆ. ಆದರೆ ಹೊಸ್ತಿಲಿಂದಲೇ ತಿರುಗಿ ಬಂದವನು ಬಾಡಿಗೆದಾರನೇ ಆಗುವುದಿಲ್ಲವಲ್ಲ, ಸ್ವಾಮಿ!

ಬಾಬಾಸಾಹೇಬರದೂ ಇದೇ ಪಾಡು. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಅಡ್ಡಹೆಸರು ಬದಲಿಸಿ ಹೇಳುವ ನಮ್ಮ ಹುಡುಗರನ್ನು ಬಯ್ಯುವ ಮುಂಚೆ ಇದು ನೆನಪಿರಲಿ.

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಅದರ 4ನೇ ಕಲಮಿನ ಪ್ರಕಾರ, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡಿದರೆ ಅಪರಾಧ. ಆದರೆ ‘ನೀರಿನ ತ್ರಾಸ’ ಅಂದರೆ ಜಾತಿ ಎಂದು ಸಾಬೀತು ಮಾಡುವವರು ಯಾರು?

ಹೇಗೋ ಖೋಲಿ ಸಿಕ್ಕರೂ ನಮ್ಮವರಿಗೆ ಬಾಯಿಮಾತಿನ ಕರಾರು. ಗುಟ್ಟು ಬಯಲಾದ ದಿನವೇ ಪಾತ್ರೆ ಪಗಡೆ ಬೀದಿಗೆ. ಅಡ್ವಾನ್ಸ್ ಕೊಟ್ಟದ್ದಕ್ಕೆ ಚೀಟಿಯೂ ಇಲ್ಲ.

ಈಗ ಇನ್ನೊಂದು ಕಾಲ ಬಂದಿದೆ. ನಮ್ಮಲ್ಲೂ ಕೆಲವರು ಮನೆ ಕಟ್ಟಿ, ಮುಂದಿನ ಖೋಲಿ ಬಾಡಿಗೆಗೆ ಕೊಡುತ್ತಿದ್ದಾರೆ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಐದು ಜಿಲ್ಲೆಗಳ ತಾಂಡಾ, ಹಟ್ಟಿಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ತಲೆತಲಾಂತರ ಇದ್ದ ಮನೆ ಕಾಗದದಲ್ಲಿ ತಮ್ಮದಾಗಲು ಅಷ್ಟು ದಿನ ಬೇಕಾಯಿತು. ಬಾಡಿಗೆಗೆ ಕೊಡುವ ಮುಂಚೆ ಆ ಹಕ್ಕುಪತ್ರದ ಷರತ್ತು ಓದಿಕೊಳ್ಳಿ.

ಎಲ್ಲರೂ ಬರೆಸುವ 11 ತಿಂಗಳಿನ ಗುಟ್ಟು ಇಷ್ಟೇ: 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆಗಳ ಪ್ರಕಾರ ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು ತಪ್ಪಿಸಲು ಒಂದು ತಿಂಗಳು ಕಡಿಮೆ. ಮನೆಯ ಒಂದು ಭಾಗ ಕೊಡುವಾಗ ಯಾವ ಖೋಲಿ ಎಂಬುದನ್ನು ಸ್ಪಷ್ಟ ಬರೆಯಿರಿ. ನಳ, ಬಚ್ಚಲು, ಸಂಡಾಸು, ಮಾಳಿಗೆಯ ಮೆಟ್ಟಿಲು ಇಬ್ಬರಿಗೂ ಇದ್ದರೆ ಹಾಗೆಂದೇ ಬರೆಯಿರಿ. ಜಗಳ ಹುಟ್ಟುವುದು ಅಲ್ಲೇ. ಕರೆಂಟ್ ಬಿಲ್ಲು ಯಾರದು, ಅಡ್ವಾನ್ಸ್ ಎಷ್ಟು, ಯಾವಾಗ ವಾಪಸು. ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆಯವರನ್ನು ಬಿಡಿಸಲು 15 ದಿನದ ನೋಟಿಸು ಸಾಕೆನ್ನುತ್ತದೆ ಕಾಯ್ದೆ. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ 15 ದಿನದಲ್ಲಿ ಎಲ್ಲಿ ಮನೆ ಸಿಗುತ್ತದೆ? ಎರಡು ತಿಂಗಳೆಂದು ಬರೆಯಿರಿ. ಎಲ್ಲ ಕನ್ನಡದಲ್ಲೇ ಇರಲಿ. ಬಂದವರಿಗೆ ಓದು ಬರದಿದ್ದರೆ ಜೋರಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡು ಒಂದು ಪ್ರತಿ ಅವರ ಕೈಗೆ ಕೊಡಿ.