ರವಿವಾರದ ರಜೆಯಿಂದ ನಾಲ್ಕು ಸಂಹಿತೆಗಳವರೆಗೆ

2025ರ ನವೆಂಬರ್ 21ರಂದು ಕೇಂದ್ರ ಸರಕಾರವು ಕಾರ್ಮಿಕರಿಗೆ ಸಂಬಂಧಿಸಿದ 29 ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಜೋಡಿಸಿ ಜಾರಿಗೆ ತಂದಿತು. ಇಷ್ಟೊಂದು ಕಾಯಿದೆಗಳು ಹುಟ್ಟಿದ್ದಾದರೂ ಏಕೆ? ಉತ್ತರಕ್ಕಾಗಿ ಮುಂಬಯಿವಾಸಿಗಳಾದ ನಾವು ದೂರ ಹೋಗಬೇಕಾಗಿಲ್ಲ. ಪರೇಲ, ಲಾಲಬಾಗಗಳ ಹಳೆಯ ಗಿರಣಿಗಳಿಂದಲೇ ಆ ಕಥೆ ಆರಂಭವಾಗುತ್ತದೆ.

1881ರ ಮೊದಲ ಫ್ಯಾಕ್ಟರಿ ಕಾಯಿದೆಯು ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಕೂಡದೆಂದಿತು. ಏಳು ದಾಟಿ ಹನ್ನೆರಡು ತುಂಬದವರಿಗೆ ದಿನಕ್ಕೆ ಒಂಬತ್ತು ತಾಸು. ಇದನ್ನು ಸುಧಾರಣೆಯೆಂದು ಕರೆದರು! ದೊಡ್ಡವರ ದುಡಿಮೆಗೆ ಮಿತಿಯೇ ಇರಲಿಲ್ಲ. ಈ ಕಾಯಿದೆಗಾಗಿ ಒತ್ತಾಯಿಸಿದವರಲ್ಲಿ ಲ್ಯಾಂಕಶೈರಿನ ಗಿರಣಿ ಮಾಲೀಕರೂ ಇದ್ದರು. ಅವರ ಕರುಣೆಯಲ್ಲಿ ವ್ಯಾಪಾರದ ಪಾಲೆಷ್ಟೆಂದು ಬೇರೆ ಹೇಳಬೇಕೆ?

1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೂಲಿಕಾರರನ್ನು ಕೂಡಿಸಿ, 5,500 ಸಹಿಗಳ ಮನವಿಯೊಂದನ್ನು ಸಿದ್ಧಪಡಿಸಿದರು. ಅವರು ಕೇಳಿದ್ದು ಬಹಳವೇನಲ್ಲ: ರವಿವಾರ ರಜೆ, ಮಧ್ಯಾಹ್ನ ಅರ್ಧ ತಾಸು ವಿಶ್ರಾಂತಿ, ಸೂರ್ಯಾಸ್ತಕ್ಕೆ ಕೆಲಸದ ಮುಕ್ತಾಯ, ಮುಂದಿನ ತಿಂಗಳ 15ರೊಳಗೆ ಪಗಾರ, ಗಾಯಗೊಂಡವನಿಗೆ ಪರಿಹಾರ. ಆರು ವರ್ಷ ಕಳೆದ ಮೇಲೆ, 1890ರ ಜೂನ್ 10ರಂದು, ಮಾಲೀಕರ ಸಂಘವು ರವಿವಾರದ ರಜೆಗೆ ಒಪ್ಪಿತು. ಮರುವರ್ಷ ವಾರದ ರಜೆ ಫ್ಯಾಕ್ಟರಿ ಕಾಯಿದೆಯಲ್ಲೂ ಸೇರಿತು. ಉಳಿದ ಬೇಡಿಕೆಗಳು ಒಂದೊಂದಾಗಿ ಬಂದವು. ಗಾಯಕ್ಕೆ ಪರಿಹಾರ 1923ರಲ್ಲಿ, ಪಗಾರದ ಗಡುವು 1936ರಲ್ಲಿ. ಅಂದಿನ ಒಂದೇ ಮನವಿಯ ಬೇಡಿಕೆಗಳು ಹೀಗೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾಯಿದೆಗಳಾದವು. ಸಂಖ್ಯೆ ಬೆಳೆದದ್ದು ಈ ರೀತಿ.

ಆದರೆ ನಮ್ಮವರ ಪಾಡೇನು? ಕರಾವಳಿಯಿಂದ ಬಂದು ಹೋಟೆಲು ಸೇರಿದ ಹುಡುಗನಿಗೆ ಇವುಗಳಿಂದ ಹೆಚ್ಚೇನೂ ದಕ್ಕಲಿಲ್ಲ. ನೂರು ಜನ ದುಡಿಯುವ ಕಾರಖಾನೆಗಳಿಗೆಂದು ಆರಂಭವಾದ ಕಾಯಿದೆಗೆ ಇಡ್ಲಿಯ ಅಡಿಗೆಮನೆ ಕಾಣುವುದುಂಟೆ? ಗಿರಾಕಿ ಇರುವವರೆಗೆ ಕೆಲಸ, ಟೇಬಲು ಒರೆಸಿ ಅದರ ಮೇಲೇ ನಿದ್ದೆ. ಮುಂಬಯಿ ಪ್ರಾಂತವು 1939ರಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ದೇಶದಲ್ಲಿ ಅದೇ ಮೊದಲನೆಯದು. 1948ರಲ್ಲಿ ಅದನ್ನು ಮತ್ತೆ ಬರೆದು, ಹೋಟೆಲು ನೌಕರರಿಗೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೊಂದು ರಜೆ ಎಂದು ವಿಧಿಸಿದರು. ಕಾಗದದ ಮೇಲಿನ ಈ ಮಾತು ಗಲ್ಲಾದ ತನಕ ಬರಲು ಸಂಘಟನೆ ಬೇಕಾಯಿತು. ಮಂಗಳೂರಿನಲ್ಲಿ ಹುಟ್ಟಿ 1949ರಲ್ಲಿ ಮುಂಬಯಿಗೆ ಬಂದ ಜಾರ್ಜ್ ಫೆರ್ನಾಂಡಿಸ್ ಈ ನೌಕರರನ್ನೂ ಟ್ಯಾಕ್ಸಿ ಚಾಲಕರನ್ನೂ ಒಗ್ಗೂಡಿಸಿದವರಲ್ಲಿ ಒಬ್ಬರು. ದುಡಿಮೆ ಮುಗಿಸಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತ ಹುಡುಗನಿಗೆ ಒಂಬತ್ತು ತಾಸಿನ ಬೆಲೆ ಏನೆಂದು ಗೊತ್ತಿತ್ತು.

ಎಲ್ಲ ಕಾಯಿದೆಗಳನ್ನು ಒಟ್ಟುಗೂಡಿಸುವ ವಿಚಾರ ಹೊಸದಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರ ಅಧ್ಯಕ್ಷತೆಯಲ್ಲಿ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗವು 1966ರಿಂದ 1969ರವರೆಗೆ ಇಡೀ ವಿಷಯವನ್ನು ಪರಿಶೀಲಿಸಿತು. ರವೀಂದ್ರ ವರ್ಮಾ ಆಯೋಗವು 2002ರಲ್ಲಿ, ಕಾಯಿದೆಗಳನ್ನು ವಿಷಯವಾರು ಗುಂಪುಗೂಡಿಸಿರೆಂದಿತು. 'ವೇತನ' ಎಂಬ ಒಂದೇ ಶಬ್ದಕ್ಕೆ ಒಂದೊಂದು ಕಾಯಿದೆಯಲ್ಲಿ ಒಂದೊಂದು ಅರ್ಥವಿದ್ದಾಗ ಅದು ಬೇಕಾದದ್ದೇ. 2019ರ ವೇತನ ಸಂಹಿತೆಯು ಕನಿಷ್ಠ ವೇತನವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದ್ದು ದೊಡ್ಡ ಮಾತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಹೋಟೆಲಿನ ತಿಂಡಿಯನ್ನು ಮನೆಮನೆಗೆ ಒಯ್ಯುವ ಹುಡುಗರಂಥವರ ಪ್ರಸ್ತಾಪವೂ ಇದೆ. ಆದರೆ ಜೋಡಿಸುವಾಗ ಗಡಿಯೂ ಸರಿಯಿತು. ಸರಕಾರದ ಅನುಮತಿಯಿಲ್ಲದೆ ಕೆಲಸದಿಂದ ತೆಗೆಯಬಾರದೆಂಬ ನಿಯಮಕ್ಕೆ ಮೊದಲು ನೂರು ಜನರ ಕಾರಖಾನೆ ಒಳಪಡುತ್ತಿತ್ತು. ಈಗ ಮುನ್ನೂರು ಬೇಕು.

ನಮ್ಮ ಹೋಟೆಲುಗಳ ಗಡಿಯೂ ಹಾಗೆಯೇ. 1948ರ ಕಾಯಿದೆಯ ಜಾಗಕ್ಕೆ ಬಂದ ಮಹಾರಾಷ್ಟ್ರದ 2017ರ ಕಾಯಿದೆಯು ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ ಮಾಲೀಕನು ಬರೀ ಮಾಹಿತಿ ಕೊಟ್ಟರೆ ಸಾಕೆಂದಿತು. 2025ರ ಸಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಆ ಹತ್ತನ್ನು ಇಪ್ಪತ್ತಕ್ಕೇರಿಸಲು ಒಪ್ಪಿತು. ವಾರಕ್ಕೊಂದು ದಿನದ ವಿಶ್ರಾಂತಿಯನ್ನು ಗೊತ್ತುಪಡಿಸುವ ಅಧಿಕಾರ ವೇತನ ಸಂಹಿತೆಯಲ್ಲಿ ಸರಕಾರಕ್ಕೆ ಇದೆಯೆನ್ನಿ. ಎಂಟು ಜನರ ಖಾನಾವಳಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ರವಿವಾರ ಆ ಒಂದು ಕಲಮನ್ನು ನಂಬಿಕೊಂಡಿದೆ.