ಅಥಣಿ ರಸ್ತೆಯ ಇತಿಹಾಸವೂ ನಮ್ಮ ಮನೆಗಳ ಹಳೆಯ ಕಾಗದಗಳೂ

ಹನ್ನೆರಡು ವರ್ಷಗಳ ಹಿಂದಿನ ಮಾತು. ಅಥಣಿ ರಸ್ತೆಯ ಕಡೆಯ ಹಳ್ಳಿಯೊಂದರಿಂದ ಪರಿಚಿತ ಕುಟುಂಬದವರು ಗೋಣಿಚೀಲವೊಂದನ್ನು ನಮ್ಮ ಬಳಿ ತಂದರು. ಅವರು ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುತ್ತಿದ್ದರು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ದೊರೆತ ಕಾಗದಗಳೆಲ್ಲ ಆ ಚೀಲದಲ್ಲಿದ್ದವು. ಮೇಲ್ಭಾಗದಲ್ಲಿ ಪವಿತ್ರ ಕುರ್‌ಆನಿನ ಹರಿದ ಹಾಳೆಗಳೂ ಪಂಜಸೂರಾದ ಬಿಡಿ ಪುಟಗಳೂ ಇದ್ದವು. ಅವುಗಳ ಕೆಳಗೆ ಉದ್ದುದ್ದವಾಗಿ ಮಡಚಿದ ಕಂದು ಬಣ್ಣದ ಕಾಗದಗಳು. ಕೆಲವುಗಳ ನೆತ್ತಿಯಲ್ಲಿ ಮಸಿಯ ಮುದ್ರೆ. "ಎಲ್ಲಾ ಅರಬ್ಬೀನೇ ಅವ ಹಜರತ್, ಅದಬ್‌ನಿಂದ ದಫನ್ ಮಾಡಿಸಿಬಿಡ್ರಿ" ಎಂದು ಮನೆಯ ಹಿರಿಯರು ಕೇಳಿಕೊಂಡರು. ನಾವು ಹಾಗೆಯೇ ಮಾಡಿದೆವು. ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಯಾರೂ ತುಳಿಯದ ಜಾಗದಲ್ಲಿ, ಆಳವಾದ ಗುಂಡಿಯಲ್ಲಿ ಇಟ್ಟೆವು.

ಜೀರ್ಣವಾದ ಮುಸ್‌ಹಫ್‌ನ ಹಾಳೆಗಳನ್ನು ಹೀಗೆ ಗೌರವದಿಂದ ಭೂಮಿಯೊಳಗಿಡುವುದಕ್ಕೆ ಉಲಮಾಗಳ ಅನುಮತಿಯಿದೆ. ಅದರಲ್ಲಿ ತಪ್ಪಿಲ್ಲ. ನಮ್ಮ ತಪ್ಪಿದ್ದುದು ಆ ಕಂದು ಕಾಗದಗಳ ವಿಷಯದಲ್ಲಿ. ಅವು ಅರಬಿಯಾಗಿರಲಿಲ್ಲ, ಫಾರ್ಸಿಯಾಗಿದ್ದವು. ಮದ್ರಸದಲ್ಲಿ ಗುಲಿಸ್ತಾನ್ ಓದಿದ್ದ ನಮಗೆ ಅಚ್ಚಾದ ಫಾರ್ಸಿ ಓದಲು ಬರುತ್ತಿತ್ತು. ಆದರೆ ಹಿಂದಿನ ಮುನ್ಶಿಗಳು ಅಕ್ಷರಕ್ಕೆ ಅಕ್ಷರ ಕೂಡಿಸಿ ವೇಗವಾಗಿ ಬರೆಯುತ್ತಿದ್ದ ಶಿಕಸ್ತಾ ಬರಹ ನಮಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ತಿಳಿದವರಿಗೆ ತೋರಿಸಬೇಕೆಂಬ ಬುದ್ಧಿಯೂ ಅಂದು ಹೊಳೆಯಲಿಲ್ಲ. ಕೆಲವು ವರ್ಷಗಳ ತರುವಾಯ ಗ್ರಂಥವೊಂದರಲ್ಲಿ ಇನಾಮು ಸನದಿನ ಛಾಯಾಚಿತ್ರವನ್ನು ಕಂಡಾಗ, ಅದೇ ಮಡಿಕೆ, ಅದೇ ಸ್ಥಳದಲ್ಲಿ ಮುದ್ರೆ. ನಾವು ಹೂಳಿದ್ದೇನೆಂಬುದು ಅಂದು ಅರಿವಾಯಿತು. ಈ ಭಾಗದ ಎರೆಮಣ್ಣಿನಲ್ಲಿ ಕಾಗದ ಎಷ್ಟು ಮಳೆಗಾಲ ಉಳಿದೀತು?

ಆ ಹಳ್ಳಿಗೆ ಹೋಗುವ ದಾರಿಯಲ್ಲಿ ಇತಿಹಾಸಕ್ಕೇನೂ ಕೊರತೆಯಿಲ್ಲ. ವಿಜಯಪುರದಿಂದ ಅಥಣಿ ರಸ್ತೆಯ ದಿಕ್ಕಿನಲ್ಲಿ ಪಶ್ಚಿಮಕ್ಕೆ ಹೊರಟವರಿಗೆ ಕೋಟೆಯ ಹೊರಗೆ ಇಬ್ರಾಹೀಂ ರೋಜಾದ ಮಿನಾರುಗಳು ಎದುರಾಗುತ್ತವೆ. ಎರಡನೆಯ ಇಬ್ರಾಹೀಂ ಆದಿಲ್‌ಶಾಹನೂ ಅವನ ರಾಣಿ ತಾಜ್ ಸುಲ್ತಾನಾಳೂ ಅಲ್ಲಿ ಮಲಗಿದ್ದಾರೆ. ಆ ಕಟ್ಟಡದ ನಿರ್ಮಾಣ ನಡೆಸಿದ ಮಲಿಕ್ ಸಂದಲನ ಹೆಸರನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ಗೋಡೆಯ ತುಂಬ ಕಲ್ಲಿನಲ್ಲಿ ಕೊರೆದ ಅಕ್ಷರಗಳು. ಪ್ರವಾಸಿಗಳು ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ನಮ್ಮ ಸಮುದಾಯದವರೂ ಹಾಗೆಯೇ ಹೋಗುತ್ತಾರೆಂಬುದು ನಮಗೆ ನೋವಿನ ಸಂಗತಿ. ದಿನಕ್ಕೆ ಐದು ಹೊತ್ತು ಅರಬಿಯಲ್ಲಿ ನಮಾಝ್ ಮಾಡುವವರು ಆ ಗೋಡೆಯ ಮುಂದೆ ಎರಡು ನಿಮಿಷ ನಿಂತರೆ ಪರಿಚಿತ ಪದವೊಂದಾದರೂ ಕಣ್ಣಿಗೆ ಬಿದ್ದೀತು.

ಮುಂದೆ ತೊರವಿ. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಊರು ಬೇರೊಂದು ಕಾರಣಕ್ಕೆ ಗೊತ್ತು. ತೊರವೆ ರಾಮಾಯಣವನ್ನು ರಚಿಸಿದ ಕುಮಾರ ವಾಲ್ಮೀಕಿ ಇಲ್ಲಿಯ ನರಸಿಂಹನ ಭಕ್ತ. ಇದರ ಪಕ್ಕದಲ್ಲಿಯೇ ಇಬ್ರಾಹೀಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸಲಾರಂಭಿಸಿದನು. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಸೂರೆಮಾಡಿತು. ಸಂಗೀತ ಮಹಲಿನ ಅವಶೇಷ ಇಂದಿಗೂ ನಿಂತಿದೆ. ಇದೇ ಸುಲ್ತಾನನು ದಖನಿಯಲ್ಲಿ ರಚಿಸಿದ ಹಾಡುಗಳ ಸಂಗ್ರಹವೇ ಕಿತಾಬೆ ನವರಸ್. ಅದರಲ್ಲಿ ಕಲಬುರಗಿಯ ಹಜರತ್ ಖ್ವಾಜಾ ಬಂದೇನವಾಜ್ ಗೇಸುದರಾಜರ ಪ್ರಶಂಸೆಯೂ ಇದೆ, ಸರಸ್ವತಿಯ ಸ್ತುತಿಯೂ ಇದೆ. ಎರಡನೆಯದು ಅಖೀದೆಯ ದೃಷ್ಟಿಯಿಂದ ನಾವು ಒಪ್ಪತಕ್ಕದ್ದಲ್ಲ. ಹಾಗೆಂದು ಅದು ಇಲ್ಲವೆಂದು ಹೇಳುವುದಾಗಲಿ, ಮಕ್ಕಳಿಗೆ ಮರೆಮಾಡುವುದಾಗಲಿ ಸಲ್ಲದು. ಇದ್ದದ್ದನ್ನು ಇದ್ದಂತೆ ಹೇಳುವುದು ಅಮಾನತ್.

ತೊರವಿಯ ಕಡೆಯಿಂದಲೇ ಆದಿಲ್‌ಶಾಹಿ ಅರಸರು ನಗರಕ್ಕೆ ನೀರನ್ನು ತಂದರು. ನೆಲದೊಳಗೆ ಸುರಂಗ ತೋಡಿ, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಗಳಂತಹ ಕಂಡಿಗಳನ್ನಿರಿಸಿ, ಯಾವ ಯಂತ್ರವೂ ಇಲ್ಲದೆ ಕೇವಲ ಇಳಿಜಾರಿನ ಬಲದಿಂದ ನೀರು ಹರಿಯುವಂತೆ ಮಾಡಿದ ಈ ವ್ಯವಸ್ಥೆಯನ್ನು ಕರೇಝ್ ಎನ್ನುತ್ತಾರೆ. ಇರಾನಿನ ಈ ವಿದ್ಯೆ ನಮ್ಮ ಬರದ ನಾಡಿನಲ್ಲಿ ಲಕ್ಷಾಂತರ ಜನರ ಬಾಯಾರಿಕೆಯನ್ನು ನೀಗಿಸಿತು. ಅದರ ಭಾಗವಾದ ಸುರಂಗ ಬಾವಡಿಯನ್ನು ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿಯು 2020ರ ತನ್ನ ಪಟ್ಟಿಗೆ ಆರಿಸಿಕೊಂಡಿತು. ಜಗತ್ತಿನಾದ್ಯಂತ ರಕ್ಷಣೆಯ ಅಗತ್ಯವಿರುವ 25 ತಾಣಗಳ ಪಟ್ಟಿಯದು. ನ್ಯೂಯಾರ್ಕಿನವರಿಗೆ ತಿಳಿದ ಬಾವಿಯನ್ನು ನಗರದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ನೋಡಿದ್ದಾರೆಂದು ನಮ್ಮ ಮಕ್ತಬ್‌ನಲ್ಲಿ ಕೇಳಿದೆವು. ಒಂದು ಕೈಯೂ ಮೇಲೇಳಲಿಲ್ಲ.

ಅವರು ಬೇರೊಂದನ್ನು ನೋಡಿದ್ದರು. ಅದಕ್ಕಿಂತ ಹೆಚ್ಚಾಗಿ ಅದರ ಕಥೆಯನ್ನು ಕೇಳಿದ್ದರು. ನವರಸಪುರದ ಸಮೀಪದಲ್ಲಿ ಸಾಠ್ ಕಬರ್ ಎಂಬ ಸ್ಥಳವಿದೆ. ಒಂದೇ ತೆರನಾದ ಗೋರಿಗಳು ಅಲ್ಲಿ ಸಾಲುಸಾಲಾಗಿವೆ. ಅಫ್ಜಲ್ ಖಾನನು 1659ರಲ್ಲಿ ಶಿವಾಜಿಯ ಮೇಲೆ ಯುದ್ಧಕ್ಕೆ ಹೊರಡುವಾಗ, ತಾನು ಮರಳಿ ಬರಲಾರೆನೆಂಬ ಭವಿಷ್ಯವಾಣಿಯನ್ನು ನಂಬಿ, ತನ್ನ ಅರವತ್ತಕ್ಕೂ ಹೆಚ್ಚು ಪತ್ನಿಯರನ್ನು ಬಾವಿಗೆ ನೂಕಿ ಕೊಂದನೆಂಬುದು ಕಥೆ. ಮಕ್ಕಳನ್ನು ಕರೆದುಕೊಂಡು ಹೋದ ದಿನ ಯಾರೋ ಪ್ರವಾಸಿಗಳಿಗೆ ಒಬ್ಬರು ಇದನ್ನು ರಸವತ್ತಾಗಿ ವಿವರಿಸುತ್ತಿದ್ದರು. ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ತೋಳು ಜಗ್ಗಿ, "ಹಜರತ್, ಇದು ಖರೇನಾ?" ಎಂದಳು.

ಸುಳ್ಳು ಎಂದು ಹೇಳಿಬಿಡುವುದು ಸುಲಭವಾಗಿತ್ತು. ಖಾನನು ನಮ್ಮವನೆಂಬ ಅಭಿಮಾನಕ್ಕೆ ಅದು ಹಿತವಾಗಿಯೂ ಇತ್ತು. ಆದರೆ ಅಭಿಮಾನದಿಂದ ಅಲ್ಲಗಳೆಯುವುದೂ ದ್ವೇಷದಿಂದ ನಂಬುವುದೂ ಪರಿಶೀಲನೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯಗಳೇ. ಸೂರಃ ಅಲ್ ಹುಜುರಾತ್‌ನ ಆರನೆಯ ಸೂಕ್ತವು ಸುದ್ದಿ ತಂದವನನ್ನು ಕಂಡು ಪರಿಶೀಲಿಸಿರೆಂದು ಆಜ್ಞಾಪಿಸುತ್ತದೆ. ಸುದ್ದಿ ನಮಗೆ ಪ್ರಿಯವಾಗಿದ್ದರೆ ಬಿಟ್ಟುಬಿಡಿ ಎಂಬ ವಿನಾಯಿತಿ ಅಲ್ಲಿಲ್ಲ. ಆದ್ದರಿಂದ ಆ ಮಗುವಿಗೆ ಹೇಳಿದ್ದು ಇಷ್ಟು: ಗೋರಿಗಳಿರುವುದು ನಿಜ. ಖಾನನು 1659ರ ನವೆಂಬರಿನಲ್ಲಿ ಪ್ರತಾಪಗಡದ ಬಳಿ ಹತನಾದದ್ದೂ ನಿಜ. ಕೊಲೆಯ ಕಥೆ ಜನರ ಬಾಯಿಂದ ಬಂದದ್ದು. ನೂರು ವರ್ಷಗಳ ಹಿಂದೆ ವಿಜಯಪುರದ ಕಟ್ಟಡಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಹೆನ್ರಿ ಕಸೆನ್ಸ್ ಕೂಡ ಅದನ್ನು ಜನಶ್ರುತಿಯೆಂದೇ ದಾಖಲಿಸಿದ್ದಾನೆ. ಕಣ್ಣಾರೆ ಕಂಡವರು ಯಾರು, ಅವರಿಂದ ಕೇಳಿದವರು ಯಾರು ಎಂಬ ಸನದು ಸಿಗುವವರೆಗೆ ಕಥೆಯನ್ನು ಕಥೆಯೆಂದೇ ಕರೆಯಬೇಕು. ಹುಡುಗಿಗೆ ಈ ಉತ್ತರದಿಂದ ಪೂರ್ತಿ ಸಮಾಧಾನವಾಗಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಹದೀಸಿನ ವಿದ್ವಾಂಸರು ಸನದಿಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದವರು. ಅದಕ್ಕೂ ಮುಂಚೆ, ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝ್‌ಗಳು ಹುತಾತ್ಮರಾದಾಗ ಹಜರತ್ ಅಬೂಬಕರ್(ರ) ಕುರ್‌ಆನಿನ ಸಂಗ್ರಹ ಕಾರ್ಯವನ್ನು ಹಜರತ್ ಝೈದ್ ಬಿನ್ ಸಾಬಿತ್(ರ) ಅವರಿಗೆ ಒಪ್ಪಿಸಿದರು. ಝೈದರಿಗೆ(ರ) ಕುರ್‌ಆನ್ ಕಂಠಪಾಠವಾಗಿತ್ತು. ಆದರೂ ಅವರು ತಮ್ಮ ನೆನಪೊಂದನ್ನೇ ನೆಚ್ಚಲಿಲ್ಲ. ಖರ್ಜೂರದ ದಿಂಡು, ಚಪ್ಪಟೆ ಕಲ್ಲು, ಜನರ ಎದೆ ಎಲ್ಲೆಡೆಯಿಂದಲೂ ಸಂಗ್ರಹಿಸಿ ತಾಳೆನೋಡಿದರು. ದೈವವಾಣಿಗೂ ಊರಿನ ಇತಿಹಾಸಕ್ಕೂ ಹೋಲಿಕೆಯಿಲ್ಲ. ಆದರೆ ಶ್ರದ್ಧೆಯ ರೀತಿಯನ್ನು ನಾವು ಅಲ್ಲಿಂದ ಕಲಿಯಬಹುದು.

ಆದಿಲ್‌ಶಾಹಿ ವಿಜಯಪುರದ ಬರಹಗಳ ಗತಿಯನ್ನು ನೆನೆದರೆ ಈ ಶ್ರದ್ಧೆ ಎಷ್ಟು ತಡವಾಗಿ ಬಂದಿತೆಂಬುದು ತಿಳಿಯುತ್ತದೆ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ನಗರ ಶರಣಾದ ಮೇಲೆ ಅರಮನೆಯ ಗ್ರಂಥಭಂಡಾರ ಚೆದುರಿತು. ಅಳಿದುಳಿದದ್ದು ಅಸಾರ್ ಮಹಲಿನಲ್ಲಿತ್ತು. ಅಲ್ಲಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆ ಸಾಗಿಸಲಾಯಿತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಬ್ರಾಹೀಮನ ಆಸ್ಥಾನದಲ್ಲಿದ್ದು ಫಿರಿಶ್ತಾ ಬರೆದ ಇತಿಹಾಸವು 1829ರಲ್ಲೇ ಇಂಗ್ಲಿಷಿಗೆ ಬಂತು. ಮಿರ್ಜಾ ಇಬ್ರಾಹೀಂ ಝುಬೈರಿಯವರು ರಾಜ್ಯ ಅಳಿದು ಶತಮಾನಕ್ಕೂ ಹೆಚ್ಚು ಕಾಲ ಸಂದ ಮೇಲೆ ಬಸಾತೀನುಸ್ಸಲಾತೀನ್ ಬರೆದರು, ಅದೂ ಫಾರ್ಸಿಯಲ್ಲಿ. ಬಶೀರುದ್ದೀನ್ ಅಹ್ಮದರು 1915ರಲ್ಲಿ ಮೂರು ಸಂಪುಟಗಳಲ್ಲಿ ವಿಜಯಪುರದ ಇತಿಹಾಸವನ್ನು ಉರ್ದುವಿನಲ್ಲಿ ಪ್ರಕಟಿಸಿದರು. ಮುಹಮ್ಮದ್ ನಾಝಿಂ ಅವರು ಇಲ್ಲಿಯ ಶಾಸನಗಳನ್ನು ಓದಿ 1936ರಲ್ಲಿ ಪುರಾತತ್ತ್ವ ಇಲಾಖೆಯ ಮೂಲಕ ಹೊರತಂದರು, ಇಂಗ್ಲಿಷಿನಲ್ಲಿ. ಹೀಗೆ ಫಾರ್ಸಿ ಬಲ್ಲವರಿಗೆ, ಉರ್ದು ಬಲ್ಲವರಿಗೆ, ಇಂಗ್ಲಿಷ್ ಬಲ್ಲವರಿಗೆ ಈ ಊರಿನ ಕಥೆ ದೊರೆಯಿತು. ಊರಿನಲ್ಲಿ ಕನ್ನಡ ಮಾತಾಡುವ ಬಹುಜನರಿಗೆ ಮಾತ್ರ ದೊರೆಯಲಿಲ್ಲ. ಅವರಿಗೆ ಉಳಿದದ್ದು ಸಾಠ್ ಕಬರ್‌ನ ಕಥೆ.

ಇದೇ ನಗರದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆ ಅಲೆದು ಶರಣರ ವಚನಗಳ ತಾಳೆಗರಿಗಳನ್ನು ಸಂಗ್ರಹಿಸಿದರು. ಆ ಗರಿಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಆದರೆ ಓದುವವರಿರಲಿಲ್ಲ. ನಮ್ಮ ಗೋಣಿಚೀಲದ ಕಾಗದಗಳಿಗೂ ಅವಕ್ಕೂ ಏನು ವ್ಯತ್ಯಾಸ? ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಇಂದು ಕನ್ನಡದ ಯಾವ ಮಗುವಿನ ಪಠ್ಯದಲ್ಲಿ ವಚನವಿಲ್ಲ? ಆ ಗರಿಗಳು ಪೂಜೆಯಲ್ಲೇ ಉಳಿದಿದ್ದರೆ ಗೆದ್ದಲಿಗೆ ಆಹಾರವಾಗುತ್ತಿದ್ದವು.

ಅದೇ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರದಿಂದಲೇ ಆದಿಲ್‌ಶಾಹಿ ಕಾಲದ ಫಾರ್ಸಿ, ದಖನಿ ಕೃತಿಗಳ ಕನ್ನಡ ಅನುವಾದದ ಯೋಜನೆ ನಡೆಯಿತೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಅದರ ಹೊಣೆ ಹೊತ್ತವರು ಇದೇ ಜಿಲ್ಲೆಯಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು. ಮುಸ್ಲಿಮ್ ಅರಸರ ಕಾಲದ ಸಾಹಿತ್ಯವೂ ಕನ್ನಡನಾಡಿನ ಆಸ್ತಿಯೆಂದು ಬಗೆದು ಅವರು ದುಡಿದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡಿಗೆ ಬಲಿಯಾದರು. ಅವರ ಎಲ್ಲ ವಿಚಾರಗಳನ್ನು ನಾವು ಒಪ್ಪುತ್ತೇವೆಂದಲ್ಲ. ಆದರೆ ನಮ್ಮ ಮನೆಯ ಪುಸ್ತಕವನ್ನು ನೆರೆಯವರು ತೆರೆದು ಕನ್ನಡದಲ್ಲಿ ಓದಿಸಿದ ಮೇಲೂ, ಆ ಸಂಪುಟಗಳು ನಮ್ಮ ಎಷ್ಟು ಮಸೀದಿಗಳ ಕಪಾಟಿನಲ್ಲಿವೆ, ಎಷ್ಟು ಮನೆಗಳಲ್ಲಿವೆ ಎಂದು ಕೇಳಿಕೊಂಡಾಗ ನಾಚಿಕೆಯಾಗುತ್ತದೆ.

ಅರಸರ ಗ್ರಂಥಗಳನ್ನು ವಿದ್ವಾಂಸರು ನೋಡಿಕೊಂಡಾರು. ಮನೆಗಳಲ್ಲಿರುವುದನ್ನು ನೋಡಿಕೊಳ್ಳಬೇಕಾದವರು ನಾವೇ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಖಾಜಿ, ಮುಲ್ಲಾ, ಮುಜಾವರ್ ಮನೆತನಗಳಿವೆ. ಮಸೀದಿಯ ದೀಪಕ್ಕೆ ಬಿಟ್ಟ ಭೂಮಿಯ ಕಾಗದ, ನಿಕಾಹ್‌ನ ಹಳೆಯ ದಫ್ತರು, ಅಜ್ಜ ಹಜ್ಜಿಗೆ ಹಡಗಿನಲ್ಲಿ ಹೋದಾಗ ಬರೆದ ಪತ್ರ ಮೊದಲಾದವು ಅಂತಹ ಮನೆಗಳಲ್ಲಿ ಇರುತ್ತವೆ. ಬಾಯಲ್ಲಿ ಉಳಿದದ್ದೂ ಇದೆ. ಮೊಹರಮ್ಮಿನಲ್ಲಿ ಹಾಡುವ ಕನ್ನಡದ ರಿವಾಯತ್ ಪದಗಳು ಕರ್ಬಲಾದ ದುಃಖವನ್ನು ಈ ನೆಲದ ಮಾತಿನಲ್ಲಿ ಹೇಳುತ್ತವೆ. ಹಾಡುವವರಲ್ಲಿ ಹಿಂದೂ ಬಾಂಧವರೂ ಇದ್ದಾರೆ. ಆ ಆಚರಣೆಯ ಕೆಲವು ಪದ್ಧತಿಗಳ ಬಗ್ಗೆ ನಮಗೆ ಆಕ್ಷೇಪವಿದೆ. ಆದರೆ ಹಾಡುಗಾರ ತೀರಿಕೊಂಡ ಮೇಲೆ ಹಾಡನ್ನು ಹುಡುಕುವುದು ಎಲ್ಲಿ?

ಆದುದರಿಂದ ಹಳೆಯ ಕಾಗದಗಳನ್ನು ದಫನ್ ಮಾಡಿಸಲು ತಂದವರಿಗೆ ನಾವೀಗ ಕಾಯಲು ಹೇಳುತ್ತೇವೆ. ಮುಸ್‌ಹಫ್‌ನ ಹಾಳೆಗಳನ್ನು ಮೊದಲು ಬೇರ್ಪಡಿಸುತ್ತೇವೆ. ಅಲ್ಲೂ ಅಂಚಿನಲ್ಲಿ ಮಗುವಿನ ಜನನವನ್ನೋ ಹಿರಿಯರ ವಫಾತ್ ದಿನವನ್ನೋ ಬರೆದಿದ್ದರೆ ಬರೆದುಕೊಳ್ಳುತ್ತೇವೆ. ಉಳಿದ ಪ್ರತಿಯೊಂದು ಕಾಗದದ ಎರಡೂ ಬದಿಯನ್ನು ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು, ಯಾರ ಮನೆಯದು, ಎಲ್ಲಿ ಸಿಕ್ಕಿತು ಎಂಬುದನ್ನು ವಹಿಯಲ್ಲಿ ದಾಖಲಿಸುತ್ತೇವೆ. ಮೂಲವು ಮನೆಯವರದ್ದೇ, ಅವರ ಬಳಿಯೇ ಇರಬೇಕು. ಹರಿದ ಕಡೆ ಅಂಟುಪಟ್ಟಿ ಹಚ್ಚಬೇಡಿರಿ, ಲ್ಯಾಮಿನೇಶನ್ ಮಾಡಿಸಬೇಡಿರಿ ಎಂದು ಒತ್ತಿ ಹೇಳುತ್ತೇವೆ. ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ತಿನ್ನುತ್ತದೆ. ಕಾಗದ ತೋರಿಸಿದರೆ ಜಮೀನಿನ ತಕರಾರು ಎದ್ದೀತೆಂದು ಹಿಂಜರಿಯುವವರೂ ಇದ್ದಾರೆ. ಅವರ ಭಯವನ್ನು ಅಲ್ಲಗಳೆಯಲಾಗದು. ಅಂತಹವರಿಗೆ ಚಿತ್ರವನ್ನೂ ನಮಗೆ ಕೊಡಬೇಡಿರಿ, ನಿಮ್ಮಲ್ಲೇ ಇಟ್ಟುಕೊಳ್ಳಿರಿ, ಆದರೆ ಹೂಳಬೇಡಿರಿ ಎಂದಷ್ಟೇ ಕೇಳಿಕೊಳ್ಳುತ್ತೇವೆ.

ಕಳೆದ ಈದ್‌ನ ತರುವಾಯ ತಿಕೋಟಾ ಕಡೆಯ ಮನೆಯೊಂದರಿಂದ ಕಬ್ಬಿಣದ ಪೆಟ್ಟಿಗೆಯೊಂದು ಬಂದಿತು. ಬಾದಶಾಹನ ಫರ್ಮಾನ್ ಇದೆಯೆಂದು ಆ ಮನೆಯಲ್ಲಿ ಮೂರು ತಲೆಮಾರಿನ ನಂಬಿಕೆ. ತೆರೆದು ನೋಡಿದಾಗ ಅರಬಿಯೂ ಇರಲಿಲ್ಲ, ಫಾರ್ಸಿಯೂ ಇರಲಿಲ್ಲ; ಹದಿನಾಲ್ಕು ಹಾಳೆಗಳ ತುಂಬ ಮೋಡಿ ಲಿಪಿಯ ಮರಾಠಿ. ಮನೆಯ ಅಜ್ಜಿಯ ಮುಖ ಬಾಡಿತು. "ಹಂಗಾರ ಇದು ಬರೇ ಸಾಲದ ಚೀಟಿ ಏನ್ರಿ?" ಎಂದರು. ಇದ್ದರೂ ಇರಬಹುದು. ಯಾರು, ಯಾವ ವರ್ಷ, ಎಷ್ಟು ಜೋಳಕ್ಕೆ ಸಾಲ ಮಾಡಿದ್ದರು ಎಂಬುದೂ ಆ ಊರಿನ ಇತಿಹಾಸವೇ ಎಂದು ಅವರಿಗೆ ತಿಳಿಸಿ, ಹದಿನಾಲ್ಕೂ ಹಾಳೆಗಳ ಚಿತ್ರ ತೆಗೆದು, ಮೋಡಿ ಬಲ್ಲ ಮರಾಠಿ ಮೇಷ್ಟರೊಬ್ಬರಿಗೆ ಕಳುಹಿಸಿದ್ದೇವೆ. ಮೊದಲ ಎರಡು ಹಾಳೆಗಳನ್ನು ಅವರು ಓದಿ ಮುಗಿಸಿದ್ದಾರೆ.