ಬರದ ನಾಡಿನಲ್ಲಿ ಒಂದು ದಿನದ ಮಳೆ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮಳೆ ಅಂದ ಕೂಡಲೆ ಜನ ಬರದ ಮಾತೇ ಆಡುತ್ತಾರೆ. ಅದು ಸಹಜ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಅದೇ ಜಿಲ್ಲೆಯ ಹಳ್ಳಕೊಳ್ಳಗಳು ಉಕ್ಕಿ ಹರಿದವು. ಒಂದು ಲೆಕ್ಕ ನೋಡಿರಿ: ಒಂದು ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ಹೊಲದ ಮೇಲೆ 4 ಲಕ್ಷ ಲೀಟರಿಗೂ ಹೆಚ್ಚು ನೀರು. ಅಂದರೆ ಒಂದೂಕಾಲು ಎಕರೆಗೆ ಒಂದು ರೈಲು!

ವರ್ಷದ ಮಳೆ ಕಡಿಮೆ ಇದ್ದ ಮಾತ್ರಕ್ಕೆ ನೆರೆಯ ಭಯ ಇಲ್ಲ ಎಂದು ತಿಳಿಯುವುದು ತಪ್ಪು. ಇದನ್ನು ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. (ಆಗ ನಮ್ಮ ಕಡೆಯೂ ಆ ಸಂಸ್ಥಾನದಲ್ಲೇ ಇತ್ತು. ನಿಲಂಗಾ, ಉದಗೀರಗಳಂತೂ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳು.)

1908ರ ಸೆಪ್ಟೆಂಬರ್ 28. ಹಸ್ತಾ ಮಳೆಯ ದಿನಗಳು. ಮೂಸಿ ನದಿ ಹೈದರಾಬಾದ್ ಪಟ್ಟಣಕ್ಕೆ ನುಗ್ಗಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜ್‌ನ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

ಮರುವರ್ಷ ನಿಜಾಮ ಸರಕಾರ ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮೊದಲು ಹುಡುಕಿದ್ದು ಮಳೆಯ ಲೆಕ್ಕ. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಬಿದ್ದಿತ್ತು. ಈಗಿನ ಅಳತೆಯಲ್ಲಿ ಸುಮಾರು 325 ಮತ್ತು 480 ಮಿ.ಮೀ. ನಮ್ಮ ಕಡೆ ಇಡೀ ವರ್ಷಕ್ಕೆ ಬೀಳುವುದೇ ಹೆಚ್ಚುಕಡಿಮೆ 700-800 ಮಿ.ಮೀ.! ಎರಡನೆಯದಾಗಿ ಅವರು ಕೆರೆಗಳನ್ನು ಎಣಿಸಿದರು. ನದಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಏರಿಯನ್ನೂ ಕೆಡವುತ್ತದೆ. ಹೀಗೆ ಮಳೆಯ ನೀರಿಗೆ ಕೆರೆಗಳ ನೀರೂ ಕೂಡಿಕೊಂಡಿತು. ಆದ್ದರಿಂದ ಊರಿನ ಮೇಲ್ಗಡೆ ನೆರೆಯ ನೀರನ್ನು ತಡೆದು ನಿಲ್ಲಿಸಿ ನಿಧಾನಕ್ಕೆ ಬಿಡುವ ಜಲಾಶಯಗಳು ಬೇಕೆಂದು ಅವರು ಹೇಳಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ ಆದವು.

ಮಾಕಣಿಯವರಿಗೆ ಇದು ದೂರದ ಕಥೆಯಲ್ಲ. ತೇರಣಾ ನದಿಯ ನಿಮ್ನ ತೇರಣಾ ಅಣೆಕಟ್ಟು ಊರ ಪಕ್ಕದಲ್ಲೇ ಇದೆ. 1993ರ ಕಿಲ್ಲಾರಿ ಭೂಕಂಪದ ನಂತರ ಈ ಜಲಾಶಯದ ಬಗ್ಗೆ ವಿಜ್ಞಾನಿಗಳು ಬಹಳ ಚರ್ಚೆ ಮಾಡಿದರು. ಅದು ಬೇರೆ ವಿಷಯ, ಇನ್ನೊಮ್ಮೆ ಬರೆಯುವೆ.

ಮಳೆಮಾಪಕವನ್ನು ದಿನಕ್ಕೊಮ್ಮೆ, ಬೆಳಿಗ್ಗೆ 8.30ಕ್ಕೆ ನೋಡುವುದು ರೂಢಿ. ಹವಾಮಾನ ಇಲಾಖೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ ಎನ್ನುತ್ತದೆ. ಆದರೆ 70 ಮಿ.ಮೀ. ದಿನವಿಡೀ ಜಿಟಿಜಿಟಿ ಬಿದ್ದರೆ ಎರೆಭೂಮಿ ಸಾಕಷ್ಟು ಕುಡಿಯುತ್ತದೆ. ಅದೇ 70 ಒಂದೇ ತಾಸಿನಲ್ಲಿ ಬಿದ್ದರೆ? ಮೊದಲು ಬಿರುಕುಗಳಲ್ಲಿ ಇಳಿಯುತ್ತದೆ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಉಳಿದದ್ದೆಲ್ಲ ಹಳ್ಳಕ್ಕೆ. ಪುಸ್ತಕದಲ್ಲಿ ಮಾತ್ರ ಎರಡೂ ದಿನ 70 ಎಂದೇ ಇರುತ್ತದೆ. ಅದಕ್ಕೇ ತಾಸುತಾಸಿನ ಲೆಕ್ಕ ಬರೆದುಕೊಳ್ಳುವ ಸ್ವಯಂಚಾಲಿತ ಮಾಪಕಗಳು ಬೇಕಾಗುತ್ತವೆ.

2009ರಲ್ಲಿ ದೇಶಕ್ಕೆಲ್ಲ ಬರ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ, ಮತ್ತೆ ಹಸ್ತಾ ಮಳೆಯಲ್ಲೇ, ವಿಜಾಪುರ, ರಾಯಚೂರು, ಬಾಗಲಕೋಟೆ ಕಡೆ ನೆರೆ ಬಂದು ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ನೆನೆದು ಕುಸಿದವು. ಮಣ್ಣಿನ ಮನೆಗಳು ನಮ್ಮ ಊರುಗಳಲ್ಲೂ ಇವೆ, ಶಾಲೆಗೆ ಹಳ್ಳ ದಾಟಿ ಬರುವ ಮಕ್ಕಳೂ ಇದ್ದಾರೆ.